ಮಿದುಳಿನ ಅಲೆಗಳನ್ನು ಬರೆದಿಟ್ಟ ಹಾನ್ಸ್ ಬರ್ಗರ್

ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಇಇಜಿ ಪರೀಕ್ಷೆಯ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಜಗತ್ತಿಗೆ ಕೊಟ್ಟವರು ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್.

ಅವರು ಹುಟ್ಟಿದ್ದು 1873ರ ಮೇ 21ರಂದು, ಕೋಬುರ್ಗ್ ಬಳಿಯ ನಾಯ್ಸೆಸ್‌ನಲ್ಲಿ. ತಂದೆ ವೈದ್ಯರು. ತಾಯಿಯ ತಂದೆ ಫ್ರೀಡ್ರಿಖ್ ರ್ಯೂಕರ್ಟ್ ಹೆಸರಾಂತ ಕವಿ. ಪವಿತ್ರ ಕುರ್‌ಆನ್‌ನ ಭಾಗಗಳನ್ನು ಜರ್ಮನ್ ಭಾಷೆಗೆ ತಂದ ವಿದ್ವಾಂಸ.

ಯುವಕನಾಗಿ ಸೇನೆಯಲ್ಲಿದ್ದಾಗ ಬರ್ಗರ್ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾದರು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎನಿಸಿ, ತಂದೆ ತಂತಿ ಕಳುಹಿಸಿದ್ದರು. ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುವುದೇ ಎಂಬ ಪ್ರಶ್ನೆ ಅವರನ್ನು ವೈದ್ಯಶಾಸ್ತ್ರಕ್ಕೆ ಸೆಳೆಯಿತು. ಅದಕ್ಕೆ ಉತ್ತರ ಸಿಗಲಿಲ್ಲ, ಸಿಕ್ಕಿದ್ದು ಬೇರೆಯೇ.

ಯೇನಾ ನಗರದ ಆಸ್ಪತ್ರೆಯಲ್ಲಿ ಅವರು ವರ್ಷಗಟ್ಟಲೆ ಬಹುಮಟ್ಟಿಗೆ ಗುಟ್ಟಾಗಿಯೇ ಪ್ರಯೋಗ ನಡೆಸಿದರು. 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ವೋಲ್ಟ್‌ನ ಹತ್ತು ಲಕ್ಷದ ಹತ್ತಾರು ಪಾಲುಗಳಷ್ಟು ಸಣ್ಣ ಅಲೆಗಳವು. ನಂಬಲು ತಮಗೇ ಅನುಮಾನವಾಗಿ ಐದು ವರ್ಷ ಪರೀಕ್ಷಿಸಿ, ಮಗ ಕ್ಲಾಸ್‌ನ ತಲೆಯ ಮೇಲೂ ಪ್ರಯೋಗಿಸಿ, 1929ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಲಕ್ಷ್ಯ ಕೊಡಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದ ಮೇಲೆ ಅವರ ಹೆಸರು ಹರಡಿತು.

ಅದೇ ಕಾಲದಲ್ಲಿ ನಾಜಿ ಸರ್ಕಾರ ಆನುವಂಶಿಕ ರೋಗದ ಹೆಸರಿನಲ್ಲಿ ಬುದ್ಧಿಮಾಂದ್ಯರು, ಅಪಸ್ಮಾರವುಳ್ಳವರು, ಹುಟ್ಟು ಕಿವುಡರು ಮೊದಲಾದವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡಿಸುತ್ತಿತ್ತು. ಸುಮಾರು 4 ಲಕ್ಷ ಜನ ಅದಕ್ಕೆ ಬಲಿಯಾದರು. ಅಂಥ ತೀರ್ಪು ಕೊಡುತ್ತಿದ್ದ ಯೇನಾದ ನ್ಯಾಯಮಂಡಳಿಯಲ್ಲಿ ಬರ್ಗರ್ ಕೂಡ ಕುಳಿತಿದ್ದರು. 1938ರಲ್ಲಿ ನಿವೃತ್ತರಾದ ಅವರು ಖಿನ್ನತೆಗೆ ಸಿಲುಕಿ 1941ರ ಜೂನ್ 1ರಂದು ತಮ್ಮ ಜೀವವನ್ನು ತಾವೇ ಕಳೆದುಕೊಂಡರು.

ಇಂದು ಅವರ ಸಾಧನವೇ ವಿರಳ ಆನುವಂಶಿಕ ಕಾಯಿಲೆಯ ಮಕ್ಕಳ ನೆರವಿಗೆ ಬಂದಿದೆ. ರೆಟ್ ಸಿಂಡ್ರೋಮ್ ಇರುವ ಹೆಣ್ಣುಮಗು ಕಲಿತ ಮಾತನ್ನೂ ಕೈಗಳ ಬಳಕೆಯನ್ನೂ ಕಳೆದುಕೊಳ್ಳುತ್ತದೆ. ಕರೆದರೆ ಓಗೊಡದ ಆ ಮಗುವಿಗೆ ನಮ್ಮ ದನಿ ತಲುಪಿದೆಯೇ ಎಂದು ತಿಳಿಯುವುದು ಹೇಗೆ? ಮೃದುವಾದ ಟೋಪಿಯಂಥ ಇಇಜಿ ಜಾಲವನ್ನು ತಲೆಗೆ ತೊಡಿಸಿ, ಮಗುವಿನ ಹೆಸರು, ತಾಯಿಯ ದನಿ, ಅಪರಿಚಿತರ ದನಿ ಇವುಗಳನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಎಲ್ಲ ದಾಖಲೆಗಳ ಸರಾಸರಿ ತೆಗೆದರೆ ಬೇರೆ ಅಲೆಗಳು ಕರಗಿ, ಆಯಾ ಸದ್ದಿಗೆ ಮಿದುಳು ಕೊಟ್ಟ ಉತ್ತರ ಉಳಿಯುತ್ತದೆ. ಬಾಯಿ ಮಾತಾಡಬೇಕಿಲ್ಲ, ಕೈ ತೋರಿಸಬೇಕಿಲ್ಲ.

ನಮ್ಮಲ್ಲಿ ಹಲವರು ನಾಳೆ ವೈದ್ಯರೋ ವಿಜ್ಞಾನಿಗಳೋ ಆಗುವವರು. ಬರ್ಗರ್ ಅವರ ತಾಳ್ಮೆ ನಮಗೆ ಬೇಕು. ಆದರೆ ಮಿದುಳಿನ ಅತಿ ಸಣ್ಣ ಅಲೆಯನ್ನು ಹಿಡಿದವರು ತಮ್ಮೆದುರು ನಿಂತ ಅಸಹಾಯಕರ ನೋವನ್ನು ಕೇಳಿಸಿಕೊಳ್ಳಲಿಲ್ಲ ಎಂಬುದನ್ನೂ ಮರೆಯದಿರೋಣ.