ಪರೀಕ್ಷೆ ಮಾಡಿ ನೋಡೋಣ ಅಂದ ಮೇಷ್ಟ್ರು

ನಮ್ಮ ಡೆನ್ನಿ ಟ್ರಯಾಂಗಲ್ ಆಫೀಸುಗಳಲ್ಲಿ ಒಂದು ಪ್ರೋಗ್ರಾಂ ಕೈಕೊಟ್ಟರೆ, ಯಾಕೆ ಅಂತ ಹತ್ತು ಸಲ ಕೇಳ್ತೀವಿ. ಊರಿನ ವಿಷಯಕ್ಕೆ ಬಂದಾಗ ಮಾತ್ರ ಕೇಳೋದು ಬಿಟ್ಟು ಕೂಗ್ತೀವಿ. ಹೋದ ವರ್ಷ ಯಾರೋ ಕೊಟ್ಟ ಭಸ್ಮ ನಂಬಿ ನಮ್ಮಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದಳು. ನಾನು ಫೋನಿನಲ್ಲಿ ರೇಗಾಡಿದೆ. ಅವಳು ಫೋನ್ ಇಟ್ಟಳು. ಆ ರಾತ್ರಿ ನೆನಪಾದವರು ಎಚ್. ನರಸಿಂಹಯ್ಯನವರು.

1920ರಲ್ಲಿ ಗೌರಿಬಿದನೂರು ಹತ್ತಿರದ ಹೊಸೂರಿನಲ್ಲಿ, ಬಡವರ ಮನೆಯಲ್ಲಿ ಹುಟ್ಟಿದರು. ಓದಬೇಕು ಅಂತ ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಆಮೇಲೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ನಮ್ಮ ಹಾಗೆ ಅಮೆರಿಕಕ್ಕೂ ಬಂದವರೇ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರು. ವ್ಯತ್ಯಾಸ ಇಷ್ಟೇ, ಅವರು ವಾಪಸ್ ಹೋದರು! ಮದುವೆಯಾಗಲಿಲ್ಲ. ಖಾದಿ ಪಂಚೆ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿ ವಿಜ್ಞಾನವನ್ನು ಜನಸಾಮಾನ್ಯರ ಮುಂದಿಟ್ಟರು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸಲು ಒಂದು ಸಮಿತಿ ಮಾಡಿದರು. ದೊಡ್ಡ ಗಲಾಟೆಯೇ ಆಯ್ತು. ವಿಶ್ವವಿದ್ಯಾಲಯಕ್ಕೆ ಯಾಕೆ ಈ ಉಸಾಬರಿ ಅಂದವರು ಬಹಳ. ನನಗೆ ತಿಳಿದ ಮಟ್ಟಿಗೆ ಅವರ ತಕರಾರು ಭಕ್ತಿಯ ಜೊತೆ ಅಲ್ಲ. ಬರಿಗೈಯಿಂದ ವಸ್ತು ಬರುತ್ತೆ ಅಂದಮೇಲೆ ಅದು ಭೌತಶಾಸ್ತ್ರದ ಮಾತೂ ಆಯ್ತಲ್ಲ. ಪರೀಕ್ಷೆ ಬೇಡ ಅಂದರೆ ಹೇಗೆ? ಪುಟ್ಟಪರ್ತಿಯ ಸಾಯಿಬಾಬಾ ಅವರಿಗೂ ಕಾಗದ ಬರೆದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ಬಾಗಿಲು ಮುಚ್ಚಿದ್ದರೂ ಮರ್ಯಾದೆಯಿಂದಲೇ ತಟ್ಟಿದ ಈ ರೀತಿ ನನಗೆ ಅವರ ಪದ್ಮಭೂಷಣಕ್ಕಿಂತ ದೊಡ್ಡದಾಗಿ ಕಾಣುತ್ತೆ. 2005ರ ಜನವರಿಯಲ್ಲಿ ತೀರಿಕೊಂಡರು. ಅವರ ಆತ್ಮಕಥೆ 'ಹೋರಾಟದ ಹಾದಿ' ಸಿಕ್ಕರೆ ಓದಿ.

ಮರುದಿನ ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಭಸ್ಮ ಹಚ್ಚಿಕೋ, ಬೇಡ ಅನ್ನಲ್ಲ, ನಾಳೆ ಬೆಳಗ್ಗೆ ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಎಷ್ಟಿದೆ ಅಂತ ಹೇಳು ಅಂದೆ. ಗೊಣಗಿದಳು, ಆದರೆ ಮಾಡಿಸಿದಳು. ಚೀಟಿಯಲ್ಲಿದ್ದ ಅಂಕಿಯನ್ನು ಅವಳೇ ಓದಿ ಹೇಳಿದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾತ್ರೆ ಮತ್ತೆ ಶುರುವಾಯ್ತು. ಭಸ್ಮದ ಪೊಟ್ಟಣ ಇನ್ನೂ ದೇವರ ಗೂಡಿನಲ್ಲೇ ಇದೆ.