ಪೌಲ್ ಮಾರ್ಫಿ: ಕಾಯಿಗಳ ಲೆಕ್ಕಕ್ಕಿಂತ ರಾಜನ ರಕ್ಷಣೆ ಮೇಲು

ಚದುರಂಗ ಕಲಿಯುವ ಮಕ್ಕಳಿಗೆ ನಾವು ಮೊದಲು ಹೇಳಿಕೊಡುವುದು ಕಾಯಿಗಳ ಬೆಲೆಯನ್ನು. ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ರಾಣಿಗೆ 9. ರಾಜನಿಗೆ ಮಾತ್ರ ಬೆಲೆ ಕಟ್ಟುವುದಿಲ್ಲ. ಅವನು ಸಿಕ್ಕಿಬಿದ್ದರೆ ಆಟವೇ ಮುಗಿಯಿತು. ಹಾಗಾದರೆ ಆಟದ ಆರಂಭದಲ್ಲಿ ಎದುರಾಳಿಯ ಕಾಯಿಯೊಂದು ಸುಲಭವಾಗಿ ಸಿಗುವಂತಿದ್ದರೆ ಅದನ್ನು ಹೊಡೆಯಬೇಕೇ, ಇಲ್ಲವೇ ರಾಜರ ಸ್ಥಿತಿಯನ್ನು ಮೊದಲು ನೋಡಬೇಕೇ? ಈ ಪ್ರಶ್ನೆಗೆ ತಮ್ಮ ಆಟದಿಂದಲೇ ಉತ್ತರ ಕೊಟ್ಟ ಪೌಲ್ ಮಾರ್ಫಿಯವರನ್ನು ನಾವಿಲ್ಲಿ ಸ್ಮರಿಸುತ್ತಿದ್ದೇವೆ.

ಮಾರ್ಫಿ 1837ರ ಜೂನ್ 22ರಂದು ಅಮೆರಿಕದ ನ್ಯೂ ಓರ್ಲಿಯನ್ಸ್ ನಗರದ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಲೂಯಿಸಿಯಾನಾ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ಮನೆಯಲ್ಲಿ ಹಿರಿಯರು ಆಡುವುದನ್ನು ನೋಡಿಯೇ ಬಾಲಕ ಆಟ ಕಲಿತ. 1850ರಲ್ಲಿ, ಇನ್ನೂ 12ರ ಪ್ರಾಯದಲ್ಲಿ, ಹಂಗೇರಿಯ ಹೆಸರಾಂತ ಆಟಗಾರ ಲೊವೆಂತಾಲ್ ಅವರನ್ನು ಸೋಲಿಸಿದ. ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಸ್ಪ್ರಿಂಗ್ ಹಿಲ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1857ರಲ್ಲಿ ಕಾನೂನು ಪದವಿ ಪಡೆದರು. ವಕೀಲಿ ವೃತ್ತಿಗೆ ಬೇಕಾದ ವಯಸ್ಸು ತುಂಬಿರಲಿಲ್ಲ. ಆ ಬಿಡುವಿನಲ್ಲಿ ನ್ಯೂಯಾರ್ಕಿನ ಮೊದಲ ಅಮೆರಿಕನ್ ಚೆಸ್ ಸಮಾವೇಶವನ್ನು ಗೆದ್ದು, ಮರುವರ್ಷ ಯುರೋಪಿಗೆ ಹೊರಟರು.

1858ರಲ್ಲಿ ಪ್ಯಾರಿಸಿನ ಒಪೆರಾ ಮಂದಿರದಲ್ಲಿ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಒಬ್ಬ ಕೌಂಟ್ ಜೊತೆಗೂಡಿ ಮಾರ್ಫಿಯವರ ವಿರುದ್ಧ ಆಡಿದರು. 7ನೆಯ ನಡೆಯಲ್ಲಿ ಮಾರ್ಫಿಯವರ ರಾಣಿ ಏಕಕಾಲಕ್ಕೆ ಎರಡು ಕಾಲಾಳುಗಳ ಮೇಲೆ ಕಣ್ಣಿಟ್ಟಿತು. ಎದುರಾಳಿಗಳು ತಮ್ಮ ರಾಣಿಯನ್ನು ರಾಜನ ಮುಂದಕ್ಕೆ ತಂದರು. ಇದರಿಂದ ಅವರ ಒಂಟೆಗೆ ದಾರಿ ಮುಚ್ಚಿತು. ಒಂಟೆ ಹೊರಬರದೆ ಆ ಬದಿಗೆ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಗೆ ಸೇರಿಸುವಂತಿರಲಿಲ್ಲ. ಮಾರ್ಫಿ ಆಗ ಒಂದು ಕಾಲಾಳನ್ನು ರಾಣಿಯಿಂದ ಹೊಡೆಯಬಹುದಿತ್ತು. ಆದರೆ ಹಾಗೆ ಮಾಡಿದರೆ ಎರಡೂ ರಾಣಿಯರು ಮಣೆಯಿಂದ ಹೊರಹೋಗಿ, ನಡುವೆ ಸಿಕ್ಕಿಕೊಂಡಿದ್ದ ರಾಜ ಬಚಾವಾಗುತ್ತಿದ್ದ. ಅವರು ಕಾಲಾಳನ್ನು ಬಿಟ್ಟು ಮತ್ತೊಂದು ಕುದುರೆಯನ್ನು ಹೊರತಂದರು.

ಮುಂದಿನದು ಕೊಡುವ ಸರದಿ. 10ನೆಯ ನಡೆಯಲ್ಲಿ ಎರಡು ಕಾಲಾಳುಗಳಿಗಾಗಿ ಕುದುರೆಯನ್ನು ಕೊಟ್ಟರು. 12ನೆಯದರಲ್ಲಿ ಕ್ಯಾಸ್ಲಿಂಗ್ ಮಾಡಿ ತಮ್ಮ ರಾಜನನ್ನು ಭದ್ರಪಡಿಸಿದರು. ಅದೇ ನಡೆಯಲ್ಲಿ ಆನೆಯೂ ತೆರೆದ ಸಾಲಿಗೆ ಬಂತು. 13ನೆಯದರಲ್ಲಿ ಆ ಆನೆಯನ್ನು, 16ನೆಯದರಲ್ಲಿ ರಾಣಿಯನ್ನೇ ಒಪ್ಪಿಸಿದರು. 17ನೆಯ ನಡೆಗೆ ಉಳಿದಿದ್ದ ಒಂದು ಆನೆ, ಒಂದು ಒಂಟೆ ಸೇರಿ ಎದುರಾಳಿಯ ರಾಜನನ್ನು ಕಟ್ಟಿಹಾಕಿದವು. ಆಗ ಸೋತವರ ಬಳಿ ರಾಣಿ, ಆನೆ, ಒಂಟೆ, ಕುದುರೆ ಎಲ್ಲವೂ ಇದ್ದವು. ಆದರೆ ಆ ಆನೆ ಮತ್ತು ಒಂಟೆ ಆಟದುದ್ದಕ್ಕೂ ಇದ್ದಲ್ಲಿಂದ ಕದಲಿರಲೇ ಇಲ್ಲ.

ಇದನ್ನು ಕಂಡು ಕಾಯಿಗಳನ್ನು ಸುಮ್ಮನೆ ಬಿಟ್ಟುಕೊಡುವುದೇ ಜಾಣತನವೆಂದು ನಾವು ತಿಳಿಯಬಾರದು. ಎದುರಾಳಿಯ ರಾಜ ಭದ್ರವಾಗಿ ಮೂಲೆ ಸೇರಿದ್ದರೆ ಇದೇ ತ್ಯಾಗಗಳು ಬರೀ ನಷ್ಟವಾಗುತ್ತಿದ್ದವು. ತಮ್ಮ ಕಾಯಿಗಳೆಲ್ಲ ಹೊರಬಂದಿವೆಯೇ, ಎದುರಾಳಿಯ ರಾಜ ನಡುವೆಯೇ ನಿಂತಿದ್ದಾನೆಯೇ, ದಾರಿ ತೆರೆದಿದೆಯೇ ಎಂದು ನೋಡಿಯೇ ಮಾರ್ಫಿ ಕೊಟ್ಟರು.

ಅದೇ ಡಿಸೆಂಬರಿನಲ್ಲಿ ಅವರು ಜರ್ಮನಿಯ ಆಂಡರ್ಸನ್ ಅವರನ್ನು 7 ಆಟಗಳಲ್ಲಿ ಸೋಲಿಸಿದರು. 2 ಸೋತರು, 2 ಸಮವಾದವು. 1859ರಲ್ಲಿ ಊರಿಗೆ ಮರಳಿದವರು ಸ್ಪರ್ಧೆಗಳಿಂದ ದೂರ ಸರಿದರು. ವಕೀಲರಾಗಿ ಬಾಳಬೇಕೆಂಬ ಆಸೆಯಿತ್ತು. 1861ರಲ್ಲಿ ಅಂತರ್ಯುದ್ಧ ಆರಂಭವಾಯಿತು, ವೃತ್ತಿ ಕೈಹಿಡಿಯಲಿಲ್ಲ. ಕೊನೆಯ ವರ್ಷಗಳಲ್ಲಿ ಮನಸ್ಸಿನ ಕಾಯಿಲೆ ಕಾಡಿ, ಆಪ್ತರನ್ನೂ ಅನುಮಾನಿಸುವಂತಾಯಿತು. 1884ರ ಜುಲೈ 10ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ನ್ಯೂ ಓರ್ಲಿಯನ್ಸಿನ ಸಂತ ಲೂಯಿಸರ ಹೆಸರಿನ ಹಳೆಯ ಸಮಾಧಿಭೂಮಿಯಲ್ಲಿ ಅವರ ಸಮಾಧಿ ಇದೆ.

ಅವರ ಕಾಯಿಲೆಗೆ ಚದುರಂಗವೇ ಕಾರಣವೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅವರು ಬಿಟ್ಟುಹೋದ ಪಾಠ ಮಾತ್ರ ಮಕ್ಕಳಿಗೆ ತಲುಪಲಿ. ಸಿಕ್ಕಿದ್ದನ್ನು ಎಣಿಸುವ ಮೊದಲು, ಕಳೆದುಕೊಂಡರೆ ಮರಳಿ ಬಾರದ್ದು ಭದ್ರವಾಗಿದೆಯೇ ಎಂದು ನೋಡಿಕೊಳ್ಳೋಣ.