ಕುದುರೆಯಿಂದ ಕಲಿತ ಸವಾರ

ತುಮಕೂರಿನ ಸಮೀಪದಲ್ಲಿರುವ ದೇವರಾಯನದುರ್ಗವು ಕಡಿದಾದ ಬೆಟ್ಟ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಅದಕ್ಕೆ ಈ ಹೆಸರು ಬಂದಿತು. ಬೆಟ್ಟದ ಮೇಲೆ ಯೋಗನರಸಿಂಹಸ್ವಾಮಿಯ ಗುಡಿಯಿದೆ. ಜಾತ್ರೆಯ ದಿನ ಪುಟ್ಟ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲೇರುವ ತಂದೆಯನ್ನು ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಮಗುವು ತಂದೆಯ ತಲೆಗೆ ಅಂಟಿಕೊಂಡು, ಅವನು ಬಾಗಿದಂತೆ ತಾನೂ ಬಾಗಿದರೆ ಅವನಿಗೆ ಭಾರವೇ ತೋರುವುದಿಲ್ಲ. ಅದೇ ಮಗುವು ಹೆದರಿ ಹಿಂದಕ್ಕೆ ವಾಲಿ, ತಂದೆಯ ಕೂದಲನ್ನು ಹಿಡಿದೆಳೆದರೆ ಅವನ ಹೆಜ್ಜೆ ತಪ್ಪುತ್ತದೆ, ನೋವೂ ಆಗುತ್ತದೆ. ಹೊರುವವನ ಮೇಲೆ ಭಾರವು ಎಲ್ಲಿ, ಹೇಗೆ ಕುಳಿತಿದೆ ಎಂಬುದು ಭಾರದ ತೂಕದಷ್ಟೇ ಮುಖ್ಯವಾದುದು.

ಈ ಸರಳವಾದ ಸತ್ಯವು ಕುದುರೆಯ ವಿಷಯದಲ್ಲಿಯೂ ಅನ್ವಯಿಸುತ್ತದೆ. ಕುದುರೆ ಎಂದೊಡನೆ ತುಮಕೂರು ಸೀಮೆಯವರಿಗೆ ನೆನಪಾಗುವುದು ಕುಣಿಗಲ್. ಟಿಪ್ಪು ಸುಲ್ತಾನನ ಕಾಲದಿಂದಲೂ ಸೈನ್ಯಕ್ಕಾಗಿ ಕುದುರೆಗಳನ್ನು ಬೆಳೆಸಿದ ಊರು ಅದು. ಅಲ್ಲಿನ ಕುದುರೆ ಫಾರಂ ನಾನೂರಕ್ಕೂ ಹೆಚ್ಚು ಎಕರೆಗಳಷ್ಟು ವಿಸ್ತಾರವಾದುದು. ಮೈಸೂರು ಸಂಸ್ಥಾನದ ರಾವುತರೂ ಕೀರ್ತಿವಂತರೇ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದವರೊಡನೆ ಮೈಸೂರು ಲ್ಯಾನ್ಸರ್ಸ್ ದಳವೂ ಇದ್ದಿತು. ಹೀಗೆ ಕುದುರೆಯನ್ನು ಬೆಳೆಸುವುದು, ಅದರ ಮೇಲೆ ಕುಳಿತು ಹೋರಾಡುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಹಳ್ಳ, ಬೇಲಿ, ಗೋಡೆಗಳನ್ನು ಕುದುರೆಯು ಹಾರುವಾಗ ಸವಾರನು ಹೇಗೆ ಕುಳಿತಿರಬೇಕು ಎಂಬ ಪ್ರಶ್ನೆಗೆ ಇಂದು ಜಗತ್ತೆಲ್ಲವೂ ಒಪ್ಪಿರುವ ಉತ್ತರವನ್ನು ಕೊಟ್ಟವನು ಇಟಲಿಯ ಒಬ್ಬ ಸೈನ್ಯಾಧಿಕಾರಿ. ಅವನೇ ಫೆಡೆರಿಕೊ ಕ್ಯಾಪ್ರಿಲ್ಲಿ.

ಕ್ಯಾಪ್ರಿಲ್ಲಿಯು 1868ರ ಏಪ್ರಿಲ್ ತಿಂಗಳಿನಲ್ಲಿ ಇಟಲಿಯ ಲಿವೋರ್ನೊ ಎಂಬ ಬಂದರು ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಸೈನಿಕ ಶಾಲೆಯನ್ನು ಸೇರಿ, ಶಿಕ್ಷಣ ಮುಗಿಸಿ, ಅಶ್ವದಳದ ಅಧಿಕಾರಿಯಾದನು. ಟೂರಿನ್ ನಗರದ ಬಳಿಯ ಪಿನೆರೋಲೊದಲ್ಲಿ ಇಟಲಿಯ ಅಶ್ವದಳದ ಪ್ರಸಿದ್ಧವಾದ ತರಬೇತಿ ಶಾಲೆಯಿತ್ತು. ತರುಣ ಅಧಿಕಾರಿಗಳು ಸವಾರಿಯ ವಿದ್ಯೆಯನ್ನು ಕಲಿಯುತ್ತಿದ್ದುದು ಅಲ್ಲಿ. ಕ್ಯಾಪ್ರಿಲ್ಲಿಯೂ ಅಲ್ಲಿಯೇ ಕಲಿತನು. ಆದರೆ ಗುರುಗಳು ಹೇಳಿದುದನ್ನು ಕಣ್ಣುಮುಚ್ಚಿ ಒಪ್ಪುವ ಸ್ವಭಾವ ಅವನದಾಗಿರಲಿಲ್ಲ.

ಆ ಕಾಲದಲ್ಲಿ ಯುರೋಪಿನ ಎಲ್ಲ ಅಶ್ವದಳಗಳಲ್ಲಿಯೂ ಒಂದು ನಂಬಿಕೆ ಬೇರೂರಿತ್ತು. ಕುದುರೆಯು ಅಡ್ಡಿಯನ್ನು ಹಾರಿ ಕೆಳಗಿಳಿಯುವಾಗ ಅದರ ಮುಂಗಾಲುಗಳ ಮೇಲೆ ಹೆಚ್ಚು ಭಾರ ಬಿದ್ದರೆ ಅವು ಮುರಿದಾವೆಂದು ಎಲ್ಲರೂ ಭಾವಿಸಿದ್ದರು. ಆದುದರಿಂದ ಸವಾರನು ರಿಕಾಪುಗಳನ್ನು ಉದ್ದವಾಗಿ ಇಳಿಬಿಟ್ಟುಕೊಂಡು, ಕಾಲುಗಳನ್ನು ಮುಂದಕ್ಕೆ ಚಾಚಿ, ಮೈಯನ್ನು ಹಿಂದಕ್ಕೆ ವಾಲಿಸಿ, ಲಗಾಮನ್ನು ಬಿಗಿಯಾಗಿ ಎಳೆದು ಹಿಡಿಯಬೇಕಾಗಿತ್ತು. ಹೀಗೆ ಮಾಡಿದರೆ ಕುದುರೆಯ ತಲೆ ಮೇಲಕ್ಕೆದ್ದು, ಅದು ಹಿಂಗಾಲುಗಳ ಮೇಲೆ ಇಳಿಯುವುದೆಂದು ಅವರು ತಿಳಿದಿದ್ದರು. ಸವಾರನು ಹಿಂದಕ್ಕೆ ವಾಲಿದಷ್ಟೂ ಅವನ ಧೈರ್ಯವೂ ಕೌಶಲವೂ ಹೆಚ್ಚಿನದೆಂದು ಹೊಗಳಲಾಗುತ್ತಿತ್ತು.

ಈ ಪದ್ಧತಿಯ ಕಷ್ಟವನ್ನೆಲ್ಲ ಅನುಭವಿಸುತ್ತಿದ್ದುದು ಮೂಕಪ್ರಾಣಿ. ಕುದುರೆಯು ನೆಗೆದ ಕ್ಷಣದಲ್ಲಿ ಸವಾರನ ಭಾರವೆಲ್ಲ ಅದರ ಸೊಂಟದ ಮೇಲೆ ಧೊಪ್ಪನೆ ಬೀಳುತ್ತಿತ್ತು. ಬಿಗಿದ ಲಗಾಮಿನಿಂದಾಗಿ ಕಬ್ಬಿಣದ ಕಡಿವಾಣವು ಅದರ ಬಾಯನ್ನು ಘಾಸಿಗೊಳಿಸುತ್ತಿತ್ತು. ನೆಗೆತವೆಂದರೆ ನೋವು ಎಂಬ ಪಾಠವನ್ನು ಕುದುರೆಯು ಬಹುಬೇಗ ಕಲಿಯುತ್ತಿತ್ತು. ಮುಂದಿನ ಸಲ ಅಡ್ಡಿಯ ಬಳಿಗೆ ಬಂದೊಡನೆ ಅದು ಹೆದರಿ ನಿಲ್ಲುತ್ತಿತ್ತು, ಇಲ್ಲವೆ ಪಕ್ಕಕ್ಕೆ ಓಡಿಹೋಗುತ್ತಿತ್ತು. ಆಗ ಸವಾರರು ಅದನ್ನು ಮೊಂಡು ಕುದುರೆಯೆಂದು ಕರೆದು, ಚಾಟಿಯಿಂದ ಹೊಡೆದು, ಮುಳ್ಳುಹಿಮ್ಮಡಿಯಿಂದ ತಿವಿದು ಹಾರಿಸುತ್ತಿದ್ದರು. ಹೊಡೆತದಿಂದ ಭಯವು ಇಮ್ಮಡಿಸುತ್ತಿತ್ತೇ ಹೊರತು ಕಡಮೆಯಾಗುತ್ತಿರಲಿಲ್ಲ.

ಕ್ಯಾಪ್ರಿಲ್ಲಿಯು ಈ ಪ್ರಶ್ನೆಯನ್ನು ಗ್ರಂಥಗಳಿಗೆ ಕೇಳಲಿಲ್ಲ, ಕುದುರೆಯನ್ನೇ ಕೇಳಿದನು. ಜೀನು, ಲಗಾಮು, ಸವಾರ ಯಾವುದೂ ಇಲ್ಲದೆ ಸ್ವತಂತ್ರವಾಗಿ ಬಿಟ್ಟ ಕುದುರೆಯು ಅಡ್ಡಿಯನ್ನು ಹೇಗೆ ಹಾರುತ್ತದೆ ಎಂಬುದನ್ನು ತಾಳ್ಮೆಯಿಂದ ಮತ್ತೆ ಮತ್ತೆ ನೋಡಿದನು. ಈ ಕಾರ್ಯದಲ್ಲಿ ಛಾಯಾಚಿತ್ರಗಳೂ ಅವನಿಗೆ ನೆರವಾದವು. ಅದಕ್ಕೆ ಕೆಲವು ವರ್ಷಗಳ ಹಿಂದೆ, 1878ರಲ್ಲಿ, ಅಮೆರಿಕದಲ್ಲಿ ಮೈಬ್ರಿಡ್ಜ್ ಎಂಬುವನು ಓಡುವ ಕುದುರೆಯ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ತೆಗೆದು, ಮನುಷ್ಯನ ಕಣ್ಣು ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದನ್ನು ತೋರಿಸಿದ್ದನು.

ಕ್ಯಾಪ್ರಿಲ್ಲಿ ಕಂಡ ಸತ್ಯವು ಹಳೆಯ ನಂಬಿಕೆಗೆ ತೀರ ವಿರುದ್ಧವಾಗಿತ್ತು. ಸ್ವತಂತ್ರವಾದ ಕುದುರೆಯು ಹಾರುವಾಗ ಕತ್ತನ್ನು ಮುಂದಕ್ಕೂ ಕೆಳಕ್ಕೂ ಚಾಚುತ್ತದೆ. ನಾವು ಕಿರಿದಾದ ಕಾಲುಸಂಕವನ್ನು ದಾಟುವಾಗ ಕೈಗಳನ್ನು ಚಾಚಿ ಸಮತೋಲವನ್ನು ಕಾಯ್ದುಕೊಳ್ಳುವಂತೆ ಕುದುರೆಯು ತನ್ನ ಕತ್ತಿನಿಂದಲೇ ಸಮತೋಲವನ್ನು ಕಾಯ್ದುಕೊಳ್ಳುತ್ತದೆ. ಅದರ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅದು ಇಳಿಯುವುದು ಹಿಂಗಾಲುಗಳ ಮೇಲಲ್ಲ, ಮುಂಗಾಲುಗಳ ಮೇಲೆಯೇ. ಹಾಗೆಂದು ಆ ಕಾಲುಗಳೇನೂ ಮುರಿಯುವುದಿಲ್ಲ. ಆದುದರಿಂದ ದೋಷವು ಕುದುರೆಯಲ್ಲಿ ಇರಲಿಲ್ಲ; ಅದರ ಬೆನ್ನಮೇಲೆ ಕುಳಿತವನಲ್ಲಿ ಇದ್ದಿತು.

ಅವನು ಬದಲಾಯಿಸಲು ಹೊರಟುದು ಕುದುರೆಯನ್ನಲ್ಲ, ಸವಾರನನ್ನು. ರಿಕಾಪಿನ ಪಟ್ಟಿಗಳನ್ನು ಗಿಡ್ಡಗೊಳಿಸಿದನು. ಸವಾರನ ಹಿಮ್ಮಡಿ ಕೆಳಕ್ಕೆ ಒತ್ತಿರಬೇಕು. ಮೊಣಕಾಲು ಜೀನಿಗೆ ಅಂಟಿ ಸ್ಥಿರವಾಗಿರಬೇಕು. ಕುದುರೆಯು ನೆಗೆಯುವಾಗ ಸವಾರನು ಜೀನಿನಿಂದ ತುಸು ಮೇಲೆದ್ದು, ಸೊಂಟದಿಂದ ಮುಂದಕ್ಕೆ ಬಾಗಿ, ಅದರ ಚಲನೆಯೊಡನೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವನ ಕೈಗಳು ಕುದುರೆಯ ಕತ್ತನ್ನು ಹಿಂಬಾಲಿಸಬೇಕು; ಅದನ್ನು ಎಂದೂ ಹಿಂದಕ್ಕೆ ಎಳೆಯಬಾರದು. ಸವಾರನು ಕುದುರೆಯನ್ನು ಹಾರಿಸುವವನಲ್ಲ. ಅದು ತಾನಾಗಿಯೇ ಹಾರಬಲ್ಲದು. ಅದಕ್ಕೆ ಅಡ್ಡಿಯಾಗದಂತೆ ಇರುವುದೇ ಸವಾರನ ಕರ್ತವ್ಯ. ಕ್ಯಾಪ್ರಿಲ್ಲಿಯ ಬೋಧನೆಯ ಸಾರ ಇಷ್ಟೇ.

ಈ ತತ್ತ್ವವನ್ನು ಅನುಸರಿಸಿ ಕುದುರೆಯನ್ನೂ ಸವಾರನನ್ನೂ ಸಿದ್ಧಪಡಿಸುವ ಕ್ರಮವೂ ಬೆಳೆಯಿತು. ಮೊದಲು ನೆಲದ ಮೇಲೆ ಮರದ ಗಳುಗಳನ್ನು ಸಮದೂರದಲ್ಲಿ ಇರಿಸಿ, ಕುದುರೆಯನ್ನು ಅವುಗಳ ನಡುವೆ ನಿಧಾನವಾಗಿ ನಡೆಸಬೇಕು. ಅದರಿಂದ ಕುದುರೆಯು ತನ್ನ ಹೆಜ್ಜೆಯನ್ನು ಅಳೆಯುವುದನ್ನು ಕಲಿಯುತ್ತದೆ. ಬಳಿಕ ಹಗುರವಾದ ಓಟದಲ್ಲಿ ಅವುಗಳನ್ನೇ ದಾಟಿಸಬೇಕು. ಅನಂತರ ಗಳುಗಳನ್ನು ನೆಲದಿಂದ ಗೇಣುದ್ದ ಎತ್ತರಿಸಬಹುದು. ಕುದುರೆಯು ಭಯವಿಲ್ಲದೆ, ಆತುರವಿಲ್ಲದೆ, ಕಿವಿಗಳನ್ನು ಮುಂದಕ್ಕೆ ಚಾಚಿ ಸಂತೋಷದಿಂದ ದಾಟಿದ ಮೇಲೆಯೇ ಎತ್ತರವನ್ನು ಹೆಚ್ಚಿಸಬೇಕು. ಸವಾರನೂ ಹಾಗೆಯೇ. ಲಗಾಮಿನ ಆಸರೆಯಿಲ್ಲದೆ ಸಮತೋಲವನ್ನು ಕಾಯ್ದುಕೊಳ್ಳಲು ಅವನು ಮೊದಲು ಕಲಿಯಬೇಕು. ತಾನು ಬೀಳದಿರಲು ಲಗಾಮಿಗೆ ಜೋತುಬೀಳುವವನು ಕುದುರೆಯ ಬಾಯಿಗೆ ಜೋತುಬಿದ್ದಂತೆಯೇ ಸರಿ. ಒಂದು ದಿನದ ಆತುರವು ಕುದುರೆಯಲ್ಲಿ ಹಲವು ತಿಂಗಳ ಭಯವನ್ನು ಬಿತ್ತಬಲ್ಲದು.

ಹೊಸ ವಿಚಾರವನ್ನು ಲೋಕವು ಒಮ್ಮೆಗೇ ಒಪ್ಪುವುದು ಅಪರೂಪ. ಶತಮಾನಗಳಿಂದ ನಡೆದುಬಂದ ಪದ್ಧತಿಯನ್ನು ಒಬ್ಬ ತರುಣ ಅಧಿಕಾರಿ ತಪ್ಪೆಂದು ಹೇಳಿದುದು ಅನೇಕ ಹಿರಿಯ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಆದರೆ ಕ್ಯಾಪ್ರಿಲ್ಲಿಯು ವಾದಕ್ಕಿಂತ ಪ್ರಯೋಗವನ್ನು ನೆಚ್ಚಿದ್ದನು. ತನ್ನ ವಿಚಾರಗಳನ್ನು ಅವನು 1901ರಲ್ಲಿ ಇಟಲಿಯ ಅಶ್ವದಳದ ಪತ್ರಿಕೆಯಲ್ಲಿ ಲೇಖನಗಳ ರೂಪದಲ್ಲಿ ಪ್ರಕಟಿಸಿದನು. ದೊಡ್ಡ ಗ್ರಂಥವನ್ನು ಅವನು ಬರೆಯಲಿಲ್ಲ. ಮರುವರ್ಷ, 1902ರಲ್ಲಿ, ಟೂರಿನ್ ನಗರದಲ್ಲಿ ಅಂತರರಾಷ್ಟ್ರೀಯ ಅಶ್ವಸ್ಪರ್ಧೆಗಳು ನಡೆದವು. ಹಲವು ದೇಶಗಳ ಸೈನ್ಯಾಧಿಕಾರಿಗಳು ಅಲ್ಲಿ ಸೇರಿದ್ದರು. ಅವರ ಕಣ್ಣಮುಂದೆ ಕ್ಯಾಪ್ರಿಲ್ಲಿಯು ಮೆಲೋಪೊ ಎಂಬ ಕುದುರೆಯ ಮೇಲೆ ಕುಳಿತು 2.08 ಮೀಟರ್ ಎತ್ತರದ ಅಡ್ಡಿಯನ್ನು ಹಾರಿದನು. ಆ ಎತ್ತರವು ಆರಡಿ ಆಳಿನ ತಲೆಗಿಂತಲೂ ಮೇಲಿನದು. ಬರೆದ ಮಾತು ಮಾಡದ ಕೆಲಸವನ್ನು ಆ ಒಂದು ನೆಗೆತವು ಮಾಡಿತು.

ಇದಾದ ಕೆಲವೇ ವರ್ಷಗಳಲ್ಲಿ ಇಟಲಿಯ ಅಶ್ವದಳವು ಅವನ ಪದ್ಧತಿಯನ್ನು ಅಂಗೀಕರಿಸಿತು. ಪಿನೆರೋಲೊದಲ್ಲಿಯೂ ರೋಮ್ ನಗರದ ಸಮೀಪದ ಟೋರ್ ದಿ ಕ್ವಿಂಟೊದಲ್ಲಿಯೂ ಅದನ್ನು ಕಲಿಸತೊಡಗಿದರು. ಟೋರ್ ದಿ ಕ್ವಿಂಟೊದಲ್ಲಿ ಬಹು ಕಡಿದಾದ ಇಳಿಜಾರೊಂದು ಪ್ರಸಿದ್ಧವಾಗಿತ್ತು. ಅಂತಹ ಇಳಿಜಾರಿನಲ್ಲಿ ಮುಂದಕ್ಕೆ ಬಾಗಿ ಕುಳಿತವನು ತಲೆಕೆಳಗಾಗಿ ಬೀಳುವನೆಂದೇ ಎಲ್ಲರೂ ಎಣಿಸುತ್ತಿದ್ದರು. ಆದರೆ ಕ್ಯಾಪ್ರಿಲ್ಲಿಯ ಶಿಷ್ಯರು ಹಾಗೆಯೇ ಕುಳಿತು, ಕುದುರೆಯ ಕತ್ತಿಗೆ ಸ್ವಾತಂತ್ರ್ಯ ಕೊಟ್ಟು ಕ್ಷೇಮವಾಗಿ ಇಳಿಯುತ್ತಿದ್ದರು. ಅದನ್ನು ಕಲಿಯಲು ಪರದೇಶಗಳ ಅಧಿಕಾರಿಗಳೂ ಇಟಲಿಗೆ ಬರತೊಡಗಿದರು.

ತನ್ನ ವಿದ್ಯೆಯು ಜಗತ್ತಿನಲ್ಲಿ ಹರಡುವುದನ್ನು ಪೂರ್ಣವಾಗಿ ಕಾಣುವ ಭಾಗ್ಯ ಕ್ಯಾಪ್ರಿಲ್ಲಿಗೆ ಇರಲಿಲ್ಲ. 1907ರ ಡಿಸೆಂಬರ್ ತಿಂಗಳಿನಲ್ಲಿ ಟೂರಿನ್ ನಗರದಲ್ಲಿ ಅವನು ಒಂದು ಕುದುರೆಯನ್ನು ನಡಿಗೆಯಲ್ಲಿ ಸಾಗಿಸುತ್ತಿದ್ದನು. ಆಗ ಕೆಳಕ್ಕೆ ಬಿದ್ದನು. ತಲೆಗೆ ಬಲವಾದ ಪೆಟ್ಟಾಗಿ ಮೃತನಾದನು. ಆಳೆತ್ತರದ ಗೋಡೆಗಳನ್ನು ಹಾರಿದ, ಭಯಂಕರವಾದ ಇಳಿಜಾರುಗಳಲ್ಲಿ ಇಳಿದ ಆ ಸವಾರನು ಪ್ರಾಣವನ್ನು ಕಳೆದುಕೊಂಡುದು ಮೆಲ್ಲನೆ ನಡೆಯುತ್ತಿದ್ದ ಕುದುರೆಯ ಮೇಲಿನಿಂದ. ಆಗ ಅವನಿಗೆ ಮೂವತ್ತೊಂಬತ್ತು ವರ್ಷ.

ಗುರುವು ಅಳಿದರೂ ವಿದ್ಯೆಯು ಅಳಿಯಲಿಲ್ಲ. ಅವನ ಬಳಿ ಕಲಿತ ರಷ್ಯದ ಪಾಲ್ ರೊಡ್ಜಿಯಾಂಕೊ ಎಂಬ ಅಧಿಕಾರಿಯಿದ್ದ ತಂಡವು ಲಂಡನ್ನಿನಲ್ಲಿ 1912ರಿಂದ 1914ರವರೆಗೆ ಸತತವಾಗಿ ಮೂರು ವರ್ಷ ರಾಜನ ಹೆಸರಿನ ಪಾರಿತೋಷಕವನ್ನು ಗೆದ್ದಿತು. ಅವನೇ ಮುಂದೆ, 1928ರಲ್ಲಿ, ಐರ್ಲೆಂಡಿನ ಸೈನ್ಯದ ಸವಾರರಿಗೆ ಗುರುವಾದನು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಅಡ್ಡಿ ಹಾರುವ ಸ್ಪರ್ಧೆಯ ಚಿನ್ನದ ಪದಕವನ್ನು ಇಟಲಿಯ ತೊಮಾಸೊ ಲೆಕ್ವಿಯೊ ಗಳಿಸಿದನು. ಯುದ್ಧರಂಗದಿಂದ ಕುದುರೆಯು ಮರೆಯಾಯಿತು. ಆದರೆ ಯುದ್ಧಕ್ಕಾಗಿ ಹುಟ್ಟಿದ ಈ ವಿದ್ಯೆಯು ಕ್ರೀಡೆಯಾಗಿ ಉಳಿಯಿತು.

ಆ ಕ್ರೀಡೆಯಲ್ಲಿ ಕರ್ನಾಟಕದ ಹೆಸರೂ ಸೇರಿದೆ. ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗಳಿಸಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಡ್ಡಿ ಹಾರುವ ಕೊನೆಯ ಸುತ್ತನ್ನು ತಲುಪಿ, ಇಪ್ಪತ್ತಮೂರನೆಯ ಸ್ಥಾನವನ್ನು ಪಡೆದರು. ಕುದುರೆ ಸವಾರಿಯನ್ನು ಹೊಸದಾಗಿ ಕಲಿಯುವ ಮಕ್ಕಳ ಅಭ್ಯಾಸವು ಇಂದಿಗೂ ಆರಂಭವಾಗುವುದು ನೆಲದ ಮೇಲೆ ಮಲಗಿಸಿದ ಗಳುಗಳಿಂದಲೇ. ಅವರ ಮೊದಲ ಸ್ಪರ್ಧೆಗಳಲ್ಲಿ ಅಡ್ಡಿಗಳು ಮೊಣಕಾಲಿನ ಎತ್ತರವನ್ನು ಹೆಚ್ಚಾಗಿ ಮೀರುವುದಿಲ್ಲ. ಒಂದು ಗಳು ಉರುಳಿದರೆ ನಾಲ್ಕು ತಪ್ಪಂಕಗಳು. ಕುದುರೆಯು ಹಾರಲೊಲ್ಲದೆ ಮೊದಲ ಸಲ ನಿಂತರೂ ನಾಲ್ಕು ತಪ್ಪಂಕಗಳು. ಕುದುರೆಯು ಹೀಗೆ ನಿಂತಾಗ ಒಳ್ಳೆಯ ಶಿಕ್ಷಕನು ಮೊದಲು ಪರೀಕ್ಷಿಸುವುದು ಸವಾರನ ಕೈ ಲಗಾಮನ್ನು ಎಳೆಯಿತೇ, ಅವನ ಮೈ ಹಿಂದಕ್ಕೆ ವಾಲಿತೇ ಎಂಬುದನ್ನು.

ಕ್ಯಾಪ್ರಿಲ್ಲಿಯು ಯಂತ್ರವನ್ನು ಕಂಡುಹಿಡಿದವನಲ್ಲ, ರಾಜ್ಯವನ್ನು ಗೆದ್ದವನಲ್ಲ. ತನಗೆ ಸೇವೆ ಸಲ್ಲಿಸುವ ಪ್ರಾಣಿಯು ತಪ್ಪು ಮಾಡಿದಾಗ, ತಪ್ಪು ತನ್ನದಿರಬಹುದೇ ಎಂದು ಯೋಚಿಸಿದನು. ಆ ಒಂದು ಯೋಚನೆಯಿಂದ ಲೆಕ್ಕವಿಲ್ಲದಷ್ಟು ಕುದುರೆಗಳ ನೋವು ತಗ್ಗಿತು. ಸವಾರರ ಪ್ರಾಣವೂ ಉಳಿಯಿತು. ಆಜ್ಞೆ ಮಾಡುವ ಸ್ಥಾನದಲ್ಲಿರುವವರು ತಮ್ಮ ಆಜ್ಞೆಯನ್ನು ಹೊರುವವರ ಕಡೆಗೂ ನೋಡಬೇಕು ಎಂಬುದನ್ನು ಅವನ ಬಾಳು ತಿಳಿಸುತ್ತದೆ.